ಆಂಟಿಬಯೋಟಿಕ್ ತಂದ ಭೇದಿಗೆ ಇನ್ನೊಬ್ಬರ ಮಲವೇ ಮದ್ದಾದ ಬಗೆ

ನ್ಯುಮೋನಿಯಾ ಆಗಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು, ಗುಣವಾಗಿ ರೋಣದ ಕಡೆಯ ತಮ್ಮೂರಿಗೆ ವಾಪಸ್ ಹೋದ ಒಬ್ಬ ಅಜ್ಜಿ ಅಂತ ಇಟ್ಟುಕೊಳ್ಳಿ. ವಯಸ್ಸು ಎಪ್ಪತ್ತು ದಾಟಿದೆ. ಕೆಮ್ಮು ಹೋಗಿದೆ, ಜ್ವರ ಹೋಗಿದೆ. ಮನೆಗೆ ಬಂದು ವಾರ ಕಳೆಯುವುದರೊಳಗೆ ಭೇದಿ ಶುರು. ದಿನಕ್ಕೆ ಎಂಟು ಸಲ, ಹತ್ತು ಸಲ. ನೀರಿನಂತೆ ಹೋಗುತ್ತದೆ, ಹೊಟ್ಟೆ ಹಿಂಡುತ್ತದೆ, ಊಟ ಸೇರುವುದಿಲ್ಲ. ಮೊಮ್ಮಗ ಮೆಡಿಕಲ್ ಶಾಪಿಗೆ ಓಡುತ್ತಾನೆ. "ಅಜ್ಜಿಗೆ ಸಂಡಾಸ ಹತ್ತ್ಯಾವ್ರಿ, ಒಂದ್ ನಾಕ್ ಗುಳಿಗಿ ಕೊಡ್ರಿ." ಅಂಗಡಿಯವರು ಭೇದಿ ನಿಲ್ಲಿಸುವ ಎರಡು ಗುಳಿಗೆ ಕೊಡುತ್ತಾರೆ. ಜೊತೆಗೆ ಒಂದು ಆಂಟಿಬಯೋಟಿಕ್ ಸ್ಟ್ರಿಪ್ ತೆಗೆದು, ಕತ್ತರಿಯಿಂದ ಅರ್ಧ ಕತ್ತರಿಸಿ ಪುಡಿಕೆಗೆ ಹಾಕುತ್ತಾರೆ.

ಈ ಅಜ್ಜಿಯ ಭೇದಿ ಶುರುವಾಗಿದ್ದೇ ಆಂಟಿಬಯೋಟಿಕ್‌ನಿಂದ ಆಗಿರಬಹುದು. ಹಾಗಿದ್ದರೆ ಆ ಅರ್ಧ ಸ್ಟ್ರಿಪ್ ರೋಗವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಭೇದಿ ನಿಲ್ಲಿಸುವ ಗುಳಿಗೆಯೂ ಅಪಾಯವೇ. ಹೊರಗೆ ಹೋಗಬೇಕಾದ ವಿಷ ಕರುಳಲ್ಲೇ ಉಳಿದುಬಿಡಬಹುದು.

ಹುಬ್ಬಳ್ಳಿಯ ಲ್ಯಾಬ್ ಒಂದರಲ್ಲಿ ಮಲದ ಮಾದರಿ ನೋಡುವುದು ನನ್ನ ಕೆಲಸ. ಈ ರೋಗದ ಬಗ್ಗೆ, ಮತ್ತು ಇದಕ್ಕೆ ಇರುವ ಕೇಳಿದ ಕೂಡಲೇ ಮೂಗು ಮುರಿಯುವಂಥ ಒಂದು ಚಿಕಿತ್ಸೆಯ ಬಗ್ಗೆ, ಕನ್ನಡದಲ್ಲಿ ಬಿಡಿಸಿ ಹೇಳುವುದು ಬೇಕು ಅಂತ ತುಂಬಾ ದಿನದಿಂದ ಅನ್ನಿಸುತ್ತಿತ್ತು. ಆರೋಗ್ಯವಂತರೊಬ್ಬರ ಮಲವನ್ನು ಶುದ್ಧ ರೀತಿಯಲ್ಲಿ ತಯಾರಿಸಿ ರೋಗಿಯ ಕರುಳಿಗೆ ಸೇರಿಸುವುದು ಆ ಚಿಕಿತ್ಸೆ. ವೈದ್ಯರು ಇದನ್ನು ಎಫ್‌ಎಂಟಿ ಅನ್ನುತ್ತಾರೆ. ನಾವು ಮಲ ಕಸಿ ಅನ್ನೋಣ.

ಮೊದಲು ರೋಗಾಣುವಿನ ವಿಷಯ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಅಂತ ಅದರ ಹೆಸರು, ಆಸ್ಪತ್ರೆಗಳಲ್ಲಿ ಸುಮ್ನೆ ಸಿ ಡಿಫ್. 1935ರಲ್ಲಿ ಇದನ್ನು ಮೊದಲು ಗುರುತಿಸಿದ್ದು ನವಜಾತ ಶಿಶುಗಳ ಮಲದಲ್ಲಿ. ಆ ಕೂಸುಗಳು ಆರಾಮವಾಗಿಯೇ ಇದ್ದವು. ಹಾಗಾಗಿ ಇದು ರೋಗ ತರುತ್ತದೆ ಅಂತ ಬಹಳ ವರ್ಷ ಯಾರಿಗೂ ಅನ್ನಿಸಲಿಲ್ಲ. 1978ರ ಹೊತ್ತಿಗೆ, ಆಂಟಿಬಯೋಟಿಕ್ ತೆಗೆದುಕೊಂಡವರಿಗೆ ಬರುವ ತೀವ್ರ ಕರುಳುರಿತಕ್ಕೆ ಇದೇ ಕಾರಣ ಅಂತ ಗೊತ್ತಾಯಿತು.

ಇದಕ್ಕೆ ಎರಡು ರೂಪ ಇವೆ. ಒಂದು, ಬೆಳೆದು ವಿಷ ಉಗುಳುವ ಜೀವಂತ ರೂಪ. ಇದಕ್ಕೆ ಗಾಳಿ ಸೋಕಿದರೆ ಆಗುವುದಿಲ್ಲ. ಇನ್ನೊಂದು ಸ್ಪೋರ್. ಗಟ್ಟಿ ಕವಚದೊಳಗೆ ಮುದುಡಿಕೊಂಡು ಮಲಗಿದ ರೂಪ. ಮಂಚದ ಕಂಬಿ, ಸಂಡಾಸಿನ ಮಗ್, ನಲ್ಲಿಯ ಹಿಡಿಕೆ, ಎಲ್ಲಿ ಬಿದ್ದರೂ ಸ್ಪೋರ್ ತಿಂಗಳುಗಟ್ಟಲೆ ಬದುಕಿರುತ್ತದೆ. ಬಿಸಿಲಿಗೆ ಒಣಗಿದರೂ ಸಾಯುವುದಿಲ್ಲ. ಆಸ್ಪತ್ರೆಯ ಗೋಡೆಗೆ ತೂಗುಹಾಕಿರುವ ಸ್ಯಾನಿಟೈಸರ್‌ಗೂ ಬಗ್ಗುವುದಿಲ್ಲ. ಕೈಯಿಂದ ಬಾಯಿಗೆ ಹೋಗಿ, ಹೊಟ್ಟೆಯ ಆಮ್ಲವನ್ನೂ ದಾಟಿ ಕರುಳಿಗೆ ಸೇರುತ್ತದೆ.

ಸೇರಿದ ಮಾತ್ರಕ್ಕೆ ರೋಗ ಬರುವುದಿಲ್ಲ. ಎಷ್ಟೋ ಜನರ ಕರುಳಲ್ಲಿ ಸಿ ಡಿಫ್ ಇದೆ, ಅವರು ಆರಾಮವಾಗಿ ರೊಟ್ಟಿ ಮುರಿದುಕೊಂಡು ಉಣ್ಣುತ್ತಿದ್ದಾರೆ. ಅದನ್ನು ತಲೆ ಎತ್ತದಂತೆ ಇಟ್ಟವರು ಬೇರೆ ಇದ್ದಾರೆ, ನಮ್ಮ ಕರುಳಲ್ಲೇ ವಾಸ ಮಾಡುವ ಉಳಿದ ಬ್ಯಾಕ್ಟೀರಿಯಾಗಳು. ಒಬ್ಬ ವಯಸ್ಕನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಅಂತ 2016ರ ಒಂದು ಲೆಕ್ಕ ಹೇಳುತ್ತದೆ. ನಮ್ಮದೇ ಜೀವಕೋಶಗಳ ಸಂಖ್ಯೆ ಸುಮಾರು 30 ಲಕ್ಷ ಕೋಟಿ. ಅಂದರೆ ಎಣಿಕೆಯಲ್ಲಿ ಅವೇ ಜಾಸ್ತಿ. ತೂಕದಲ್ಲಿ ಮಾತ್ರ ಎಲ್ಲಾ ಸೇರಿ ಇನ್ನೂರು ಗ್ರಾಂ ಆಸುಪಾಸು. ಅವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಲ್ಲಿ.

ಇವು ಸಿ ಡಿಫ್ ಅನ್ನು ತಡೆಯುವ ರೀತಿ ನನಗೆ ಪ್ರತಿ ಸಲ ಓದಿದಾಗಲೂ ಬೆರಗು ಹುಟ್ಟಿಸುತ್ತದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಚಿಕಿತ್ಸೆಯ ಗುಟ್ಟು ಇಲ್ಲಿದೆ. ಉಂಡ ಎಣ್ಣೆ ಬೆಣ್ಣೆ ಕರಗಿಸಲು ನಮ್ಮ ಲಿವರ್ ಪಿತ್ತರಸ ತಯಾರಿಸುತ್ತದೆ. ಅದರಲ್ಲಿರುವ ಪಿತ್ತಾಮ್ಲಗಳು ಕೆಲಸ ಮುಗಿಸಿದ ಮೇಲೆ ಹೆಚ್ಚಿನಂಶ ಸಣ್ಣ ಕರುಳಿನ ಕೊನೆಯಲ್ಲೇ ಹೀರಿಕೊಂಡು ಲಿವರ್‌ಗೆ ವಾಪಸ್ ಹೋಗುತ್ತವೆ. ಉಳಿದ ಚೂರುಪಾರು ದೊಡ್ಡ ಕರುಳಿಗೆ ಬರುತ್ತದೆ. ಅಲ್ಲಿ ಕೆಲವೇ ಕೆಲವು ಜಾತಿಯ ಬ್ಯಾಕ್ಟೀರಿಯಾಗಳು ಆ ಪಿತ್ತಾಮ್ಲದ ರೂಪ ಬದಲಿಸುತ್ತವೆ. ಲಿವರ್ ತಯಾರಿಸಿದ ಮೂಲ ರೂಪ ಮಲಗಿದ ಸ್ಪೋರ್ ಅನ್ನು ಎಬ್ಬಿಸುತ್ತದೆ. ಬ್ಯಾಕ್ಟೀರಿಯಾ ಬದಲಿಸಿದ ರೂಪ, ಎದ್ದ ಸಿ ಡಿಫ್ ಬೆಳೆಯದಂತೆ ಹಿಡಿದು ನಿಲ್ಲಿಸುತ್ತದೆ. ಆ ಕೆಲಸಗಾರ ಬ್ಯಾಕ್ಟೀರಿಯಾಗಳು ಇದ್ದರೆ ಸ್ಪೋರ್‌ಗಳು ಸುಮ್ನೆ ಬಂದು ಸುಮ್ನೆ ಹೋಗುತ್ತವೆ.

ಈಗ ಅಜ್ಜಿಯ ನ್ಯುಮೋನಿಯಾಗೆ ಕೊಟ್ಟ ಇಂಜೆಕ್ಷನ್ ನೆನಪಿಸಿಕೊಳ್ಳಿ. ಅದು ಕೊಡಲೇಬೇಕಾಗಿತ್ತು, ಅದರಿಂದಲೇ ಜೀವ ಉಳಿಯಿತು. ಆದರೆ ಎದೆಯ ರೋಗಾಣುವಿನ ಜೊತೆಗೆ ಕರುಳಿನ ಕೆಲಸಗಾರರನ್ನೂ ಅದು ಕೊಂದಿತು. ದೊಡ್ಡ ಕರುಳಿಗೆ ಬಂದ ಪಿತ್ತಾಮ್ಲ ಮೂಲ ರೂಪದಲ್ಲೇ ಉಳಿಯಿತು. ಆಸ್ಪತ್ರೆಯಲ್ಲೇ ಎಲ್ಲೋ ಕೈಗೆ ಹತ್ತಿದ ಸ್ಪೋರ್‌ಗಳು ಎದ್ದವು. ತಿನ್ನಲು ಪೈಪೋಟಿ ಮಾಡುವವರು ಯಾರೂ ಇಲ್ಲ, ತಡೆಯುವವರೂ ಇಲ್ಲ. ಸಿ ಡಿಫ್ ಬೆಳೆದು ಎರಡು ಬಗೆಯ ವಿಷ ಉಗುಳಿತು. ಆ ವಿಷ ಕರುಳಿನ ಒಳಪದರದ ಜೀವಕೋಶಗಳ ಹಂದರವನ್ನೇ ಕುಸಿಯುವಂತೆ ಮಾಡುತ್ತದೆ. ತೀವ್ರವಾದಾಗ, ಕ್ಯಾಮೆರಾ ಇರುವ ನಳಿಗೆಯನ್ನು ಗುದದ್ವಾರದಿಂದ ಒಳಗೆ ಬಿಟ್ಟು ನೋಡುವ ಕೊಲೊನೋಸ್ಕೋಪಿಯಲ್ಲಿ ಕರುಳಿನ ಗೋಡೆ ತುಂಬ ಹಳದಿ ತೇಪೆಗಳು ಕಾಣುತ್ತವೆ.

ಯಾವ ಆಂಟಿಬಯೋಟಿಕ್‌ನಿಂದಲೂ ಇದು ಆಗಬಹುದು. ಕ್ಲಿಂಡಾಮೈಸಿನ್, ಸೆಫ್ಟ್ರಿಯಾಕ್ಸೋನ್ ಮತ್ತು ಸೆಫಿಕ್ಸಿಮ್ ತರಹದ ಮದ್ದುಗಳು, ಸಿಪ್ರೊಫ್ಲಾಕ್ಸಾಸಿನ್ ಗುಂಪಿನವು, ಇವುಗಳಲ್ಲಿ ಅಪಾಯ ಜಾಸ್ತಿ. 65 ದಾಟಿದವರಿಗೆ, ಆಸ್ಪತ್ರೆಯಲ್ಲಿ ಬಹಳ ದಿನ ಇದ್ದವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಇನ್ನೂ ಜಾಸ್ತಿ. ನಮ್ಮಲ್ಲಿ "ಗ್ಯಾಸಿನ ಗುಳಿಗಿ" ಅಂತ ವರ್ಷಗಟ್ಟಲೆ ನುಂಗುವ, ಆಮ್ಲ ಕಡಿಮೆ ಮಾಡುವ ಗುಳಿಗೆಗೂ ಸಿ ಡಿಫ್‌ಗೂ ನಂಟು ಇರುವುದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಗಾಬರಿ ಬೇಡ, ಆಂಟಿಬಯೋಟಿಕ್ ತೆಗೆದುಕೊಂಡಾಗ ಆಗುವ ಭೇದಿಗಳಲ್ಲಿ ಹೆಚ್ಚಿನವು ಸಿ ಡಿಫ್ ಅಲ್ಲ, ಕೋರ್ಸ್ ಮುಗಿದ ಮೇಲೆ ತಾವಾಗಿಯೇ ನಿಲ್ಲುತ್ತವೆ. ಆದರೆ ಸಿ ಡಿಫ್ ಆದಾಗ ಅದು ಸಣ್ಣ ರೋಗ ಅಲ್ಲ. ಅಮೆರಿಕದಲ್ಲಿ 2017ರ ಒಂದೇ ವರ್ಷ ಆಸ್ಪತ್ರೆ ಸೇರಿದವರಲ್ಲಿ 2,23,900 ಜನರಿಗೆ ಇದು ಬಂದು, 12,800 ಜನ ಸತ್ತರು ಅಂತ ಅಲ್ಲಿಯ ರೋಗ ನಿಯಂತ್ರಣ ಕೇಂದ್ರ ಅಂದಾಜು ಮಾಡಿತ್ತು.

ಇದಕ್ಕೆ ಕೊಡುವ ಮದ್ದು ಮುಖ್ಯವಾಗಿ ವ್ಯಾಂಕೊಮೈಸಿನ್. ಇಂಜೆಕ್ಷನ್ ಕೊಟ್ಟರೆ ಕರುಳಿನೊಳಗೆ ಸಾಕಷ್ಟು ತಲುಪುವುದಿಲ್ಲ, ಬಾಯಿಂದಲೇ ಕೊಡಬೇಕು. ದಿನಕ್ಕೆ ನಾಲ್ಕು ಸಲ 125 ಮಿಲಿಗ್ರಾಂ, ಹತ್ತು ದಿನ. ಇನ್ನೊಂದು ಫಿಡಾಕ್ಸೊಮೈಸಿನ್, ಅದು ದುಬಾರಿ. ಮೊದಲ ಸಲ ಬಂದಾಗ ಹೆಚ್ಚಿನವರು ಇಷ್ಟರಲ್ಲೇ ಗುಣವಾಗುತ್ತಾರೆ.

ತೊಂದರೆ ಇರುವುದು ಉಳಿದವರಿಗೆ. ಐದು ಜನರಲ್ಲಿ ಒಬ್ಬರಿಗಾದರೂ ಕೆಲವು ವಾರಗಳಲ್ಲಿ ರೋಗ ಮರಳುತ್ತದೆ. ಒಮ್ಮೆ ಮರಳಿತು ಅಂದರೆ ಮತ್ತೊಮ್ಮೆ ಮರಳುವ ಸಾಧ್ಯತೆ ಇನ್ನೂ ಹೆಚ್ಚು. ವ್ಯಾಂಕೊಮೈಸಿನ್ ಎದ್ದಿರುವ ಸಿ ಡಿಫ್ ಅನ್ನು ಕೊಲ್ಲುತ್ತದೆ, ಮಲಗಿದ ಸ್ಪೋರ್‌ಗೆ ಏನೂ ಮಾಡುವುದಿಲ್ಲ. ಜೊತೆಗೆ ಅದೂ ಒಂದು ಆಂಟಿಬಯೋಟಿಕ್ ಅಲ್ವಾ? ಚೇತರಿಸಿಕೊಳ್ಳುತ್ತಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಮತ್ತೆ ಬಡಿಯುತ್ತದೆ. ಕೋರ್ಸ್ ಮುಗಿದ ದಿನ ಕರುಳು ಮತ್ತೆ ಖಾಲಿ, ಸ್ಪೋರ್‌ಗಳು ಮತ್ತೆ ತಯಾರು. ಹೀಗೆ ಮೂರು ಸಲ, ನಾಲ್ಕು ಸಲ, ಆರು ಸಲ ಸುತ್ತುವವರಿದ್ದಾರೆ. ಮೈತೂಕ ಇಳಿದು, ಮನೆ ಬಿಟ್ಟು ಹೊರಗೆ ಹೋಗಲು ಹೆದರಿ, ಕೊನೆಗೆ ಡೈಪರ್ ಹಾಕಿಕೊಂಡು ಮಲಗುವ ಸ್ಥಿತಿಗೆ ಬರುತ್ತಾರೆ.

ಇಲ್ಲಿ ಮದ್ದಿನ ಶಕ್ತಿ ಕಡಿಮೆ ಬಿದ್ದಿಲ್ಲ. ಕರುಳಲ್ಲಿ ಇರಬೇಕಾದವರು ಇಲ್ಲ, ಅಷ್ಟೆ. ಮನೆಯ ಮೊಸರು ಕೆಟ್ಟು ಲೋಳೆಯಾಗುವುದನ್ನು ಎಲ್ಲರೂ ನೋಡಿರುತ್ತೀರಿ. ಹಾಲು ಬದಲಿಸಿದರೂ, ಪಾತ್ರೆಯನ್ನು ಎಷ್ಟು ತಿಕ್ಕಿ ತೊಳೆದರೂ, ಅದೇ ಹೆಪ್ಪು ಹಾಕುವ ತನಕ ಮರುದಿನ ಅದೇ ಲೋಳೆ ಮೊಸರು. ಆಗ ಪಕ್ಕದ ಮನೆಗೆ ಹೋಗಿ "ಅಕ್ಕಾರ, ಒಂದ್ ಚಮಚ ಹೆಪ್ಪು ಕೊಡ್ರಿ" ಅಂತ ಕೇಳಿ ತರುತ್ತೇವೆ. ಮಲ ಕಸಿ ಮಾಡುವುದೂ ಇದನ್ನೇ. ಚೆನ್ನಾಗಿರುವ ಕರುಳಿನ ಇಡೀ ಹೆಪ್ಪನ್ನು ಕೆಟ್ಟ ಕರುಳಿಗೆ ಹಾಕುತ್ತಾರೆ.

ಮಲವನ್ನೇ ಯಾಕೆ ತರಬೇಕು? ಯಾಕೆಂದರೆ ದೊಡ್ಡ ಕರುಳಿನ ನಿವಾಸಿಗಳು ಹೊರಗೆ ಸಿಗುವುದು ಅಲ್ಲಿ ಮಾತ್ರ. ಮಲದಲ್ಲಿ ಮುಕ್ಕಾಲು ಭಾಗ ನೀರು. ಉಳಿದ ಗಟ್ಟಿ ಭಾಗದಲ್ಲಿ ಬಹು ದೊಡ್ಡ ಪಾಲು ಬ್ಯಾಕ್ಟೀರಿಯಾಗಳದ್ದೇ. ನಾವು ಹೊಲಸು ಅಂತ ದೂರ ಇಡುವ ವಸ್ತು, ನೂರಾರು ಜಾತಿಯ ಜೀವಿಗಳು ಒಂದಕ್ಕೊಂದು ಹೊಂದಿಕೊಂಡು ಬದುಕುವ ಒಂದು ತಯಾರಾದ ಸಮುದಾಯ.

ಇದನ್ನು ಹೇಳಿದಾಗೆಲ್ಲ ಧಾರವಾಡದ ಕಡೆಯವರು ಕೇಳುವ ಪ್ರಶ್ನೆ ಒಂದೇ: "ಹಂಗಾದ್ರ ದಿನಾ ಮಜ್ಜಗಿ ಕುಡದ್ರ ಸಾಕಲ್ರಿ?" ಒಳ್ಳೆಯ ಪ್ರಶ್ನೆ. ಮೊಸರು ಮಜ್ಜಿಗೆ ಊಟಕ್ಕೆ ಒಳ್ಳೆಯದು, ಬಿಡಬೇಡಿ. ಆದರೆ ಮೊಸರಿನಲ್ಲಿರುವುದು ಹಾಲನ್ನು ಹುಳಿ ಮಾಡುವ ಕೆಲವೇ ಜಾತಿಗಳು. ಅವು ಕರುಳಲ್ಲಿ ಬೀಡುಬಿಡುವುದಿಲ್ಲ, ಬಂದ ದಾರಿಯಲ್ಲಿ ಮುಂದೆ ಹೋಗಿಬಿಡುತ್ತವೆ. ಪಿತ್ತಾಮ್ಲ ಬದಲಿಸುವ ಕೆಲಸ ಮಾಡುವವು ಗಾಳಿ ಸೋಕಿದರೆ ಸಾಯುವ ಜಾತಿಗಳು. ಪಾತ್ರೆಯಲ್ಲಿ ಅವು ಬೆಳೆಯುವುದಿಲ್ಲ. ಒಳ್ಳೆಯ ಬ್ಯಾಕ್ಟೀರಿಯಾ ಅಂತ ತುಂಬಿ ಮಾರುವ ಪ್ರೋಬಯೋಟಿಕ್ ಕ್ಯಾಪ್ಸೂಲ್‌ಗಳ ಕಥೆಯೂ ಹೆಚ್ಚುಕಡಿಮೆ ಇಷ್ಟೇ. 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಆಂಟಿಬಯೋಟಿಕ್ ತೆಗೆದುಕೊಂಡ ಆರೋಗ್ಯವಂತರ ಮೇಲೆ ಒಂದು ಪ್ರಯೋಗ ಮಾಡಿದರು. ಪ್ರೋಬಯೋಟಿಕ್ ನುಂಗಿದವರ ಕರುಳು ಮೊದಲಿನ ಸ್ಥಿತಿಗೆ ಬರುವುದು ತಡವಾಯಿತು. ಮೊದಲೇ ತೆಗೆದಿಟ್ಟ ಅವರದೇ ಮಲವನ್ನು ವಾಪಸ್ ಸೇರಿಸಿದವರಲ್ಲಿ ಕೆಲವೇ ದಿನಗಳಲ್ಲಿ ಸರಿಹೋಯಿತು.

ಈ ಚಿಕಿತ್ಸೆ ನಿನ್ನೆ ಮೊನ್ನೆಯದಲ್ಲ. ನಾಲ್ಕನೇ ಶತಮಾನದ ಚೀನಾದ ವೈದ್ಯ ಗೆ ಹಾಂಗ್, ತೀವ್ರ ಭೇದಿಗೆ ಮಲದಿಂದ ಮಾಡಿದ ಮದ್ದನ್ನು ಬರೆದಿಟ್ಟಿದ್ದಾನೆ. ದನಕರುಗಳಲ್ಲಂತೂ ಇದು ಇಂದಿಗೂ ನಡೆಯುವ ಚಿಕಿತ್ಸೆ. ಹಾವೇರಿ ಕಡೆ ಗೋವಿನಜೋಳದ ರಾಶಿ ಮಾಡುವ ಕಾಲದಲ್ಲಿ ಎತ್ತೋ ಆಕಳೋ ಹಗ್ಗ ಬಿಚ್ಚಿಕೊಂಡು ಕಣಕ್ಕೆ ಹೋಗಿ ಹೊಟ್ಟೆ ಬಿರಿಯುವಷ್ಟು ಕಾಳು ತಿಂದರೆ ಏನಾಗುತ್ತದೆ ಅಂತ ರೈತರಿಗೆ ಗೊತ್ತು. ಹೊಟ್ಟೆಯೊಳಗೆ ಎಲ್ಲಾ ಹುಳಿಯಾಗಿ, ಮೇವು ಜೀರ್ಣ ಮಾಡುವ ಸೂಕ್ಷ್ಮಜೀವಿಗಳು ಸತ್ತು, ಮೆಲುಕು ನಿಲ್ಲುತ್ತದೆ. ಆಗ ಪಶುವೈದ್ಯರು ಬೇರೆ ಚಿಕಿತ್ಸೆಯ ಜೊತೆಗೆ, ಆರೋಗ್ಯವಾಗಿರುವ ಇನ್ನೊಂದು ದನದ ಹೊಟ್ಟೆಯ ರಸವನ್ನು ಸೋಸಿ ನಳಿಗೆಯಿಂದ ಕುಡಿಸುವುದುಂಟು. ದನಕ್ಕೆ ಮಾಡಿದಾಗ ಯಾರೂ ಅಸಹ್ಯ ಪಡುವುದಿಲ್ಲ.

ಮನುಷ್ಯರಲ್ಲಿ ಆಧುನಿಕ ವೈದ್ಯರು ಇದನ್ನು ದಾಖಲಿಸಿದ್ದು 1958ರಲ್ಲಿ. ಅಮೆರಿಕದ ಡೆನ್ವರ್‌ನ ಸರ್ಜನ್ ಬೆನ್ ಐಸ್‌ಮನ್ ಮತ್ತು ಸಂಗಡಿಗರು, ಆಂಟಿಬಯೋಟಿಕ್ ನಂತರ ಸಾಯುವ ಸ್ಥಿತಿಗೆ ಬಂದಿದ್ದ ನಾಲ್ವರಿಗೆ ಮಲದ ಎನಿಮಾ ಕೊಟ್ಟರು. ನಾಲ್ವರೂ ಚೇತರಿಸಿಕೊಂಡರು. ಗಮನಿಸಿ, ಆಗ ಈ ರೋಗಕ್ಕೆ ಸಿ ಡಿಫ್ ಕಾರಣ ಅಂತ ಗೊತ್ತೇ ಇರಲಿಲ್ಲ. ಕಾರಣ ಸಿಗುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಚಿಕಿತ್ಸೆ ಸಿಕ್ಕಿತ್ತು. ಆಮೇಲೆ ವ್ಯಾಂಕೊಮೈಸಿನ್ ಬಂತು, ಎನಿಮಾ ಹಿಂದೆ ಸರಿಯಿತು.

ಇದು ಮತ್ತೆ ಮುಂದೆ ಬಂದದ್ದು 2010ರ ಹೊತ್ತಿಗೆ. ಮಿನ್ನೆಸೋಟಾದ ವೈದ್ಯ ಅಲೆಕ್ಸಾಂಡರ್ ಖೋರುಟ್ಸ್ ಅವರ ಬಳಿ ತಿಂಗಳುಗಟ್ಟಲೆ ಸಿ ಡಿಫ್‌ನಿಂದ ನರಳಿದ್ದ ಮಹಿಳೆಯೊಬ್ಬರು ಬಂದಿದ್ದರು. ಮೈಯೆಲ್ಲ ಇಳಿದು ಗಾಲಿಕುರ್ಚಿಗೆ ಬಿದ್ದಿದ್ದರು. ಖೋರುಟ್ಸ್ ಆಕೆಯ ಗಂಡನ ಮಲವನ್ನು ಕೊಲೊನೋಸ್ಕೋಪ್ ಮೂಲಕ ಕರುಳಿಗೆ ಸೇರಿಸಿದರು. ಒಂದೆರಡು ದಿನಗಳಲ್ಲಿ ಭೇದಿ ನಿಂತಿತು. ಅವರ ತಂಡ ಅಲ್ಲಿಗೇ ಬಿಡಲಿಲ್ಲ, ಮೊದಲು ಮತ್ತು ನಂತರ ಕರುಳಿನ ಬ್ಯಾಕ್ಟೀರಿಯಾಗಳ ಡಿಎನ್‌ಎ ಓದಿದರು. ಕಸಿಗೆ ಮೊದಲು ಆಕೆಯ ಕರುಳಲ್ಲಿ ಇರಲೇಬೇಕಾದ ದೊಡ್ಡ ಗುಂಪುಗಳೇ ಕಾಣೆಯಾಗಿದ್ದವು. ಎರಡು ವಾರದ ನಂತರ ಅಲ್ಲಿ ಇದ್ದದ್ದು ಗಂಡನ ಬ್ಯಾಕ್ಟೀರಿಯಾಗಳೇ. ಹೆಪ್ಪು ಹತ್ತಿತ್ತು.

ಒಬ್ಬರ ಕಥೆ ಪುರಾವೆ ಆಗುವುದಿಲ್ಲ. ಪುರಾವೆ ಬಂದದ್ದು ಆಮ್‌ಸ್ಟರ್‌ಡಾಮ್‌ನಿಂದ. ಅಲ್ಲಿಯ ವೈದ್ಯರು ಸಿ ಡಿಫ್ ಮರುಕಳಿಸಿದ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಬರೀ ವ್ಯಾಂಕೊಮೈಸಿನ್. ಎರಡನೆಯದಕ್ಕೆ ವ್ಯಾಂಕೊಮೈಸಿನ್ ಕೊಟ್ಟು ಕರುಳು ತೊಳೆದರು. ಮೂರನೆಯದಕ್ಕೆ ನಾಲ್ಕೈದು ದಿನ ವ್ಯಾಂಕೊಮೈಸಿನ್ ಕೊಟ್ಟು, ಕರುಳು ತೊಳೆದು, ಆಮೇಲೆ ದಾನಿಯ ಮಲದ ದ್ರಾವಣವನ್ನು ಮೂಗಿನಿಂದ ಸಣ್ಣ ಕರುಳಿಗೆ ಇಳಿಸಿದ ನಳಿಗೆಯಲ್ಲಿ ಬಿಟ್ಟರು. ಮೊದಲ ಗುಂಪಿನ 13 ಜನರಲ್ಲಿ ಗುಣವಾದವರು 4. ಎರಡನೆಯ ಗುಂಪಿನ 13ರಲ್ಲಿ 3. ಮಲ ಕಸಿಯ ಗುಂಪಿನಲ್ಲಿ 16 ಜನರಲ್ಲಿ 13 ಮಂದಿ ಒಂದೇ ಸಲಕ್ಕೆ ಗುಣವಾದರು. ಉಳಿದ ಮೂವರಿಗೆ ಬೇರೆ ದಾನಿಯ ಮಲ ಕೊಟ್ಟಾಗ ಇನ್ನಿಬ್ಬರು. ವ್ಯತ್ಯಾಸ ಎಷ್ಟು ದೊಡ್ಡದಿತ್ತೆಂದರೆ, ಉಳಿದವರಿಗೆ ಇದನ್ನು ಕೊಡದೆ ಇರುವುದು ಸರಿಯಲ್ಲ ಅಂತ ಪ್ರಯೋಗವನ್ನೇ ಅರ್ಧಕ್ಕೆ ನಿಲ್ಲಿಸಿದರು. 2013ರ ಜನವರಿಯಲ್ಲಿ ಇದು ಪ್ರಕಟವಾಯಿತು. ಎರಡನೆಯ ಗುಂಪಿನ ಅಂಕಿಯನ್ನು ಮತ್ತೊಮ್ಮೆ ನೋಡಿ. ಹೊಟ್ಟೆ ತೊಳೆಸಿಕೊಂಡರೆ ಎಲ್ಲಾ ಸರಿಹೋಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಬಹಳ ಇದೆ. ಬರೀ ತೊಳೆದದ್ದರಿಂದ ಏನೂ ಆಗಲಿಲ್ಲ, ತೊಳೆದ ಮೇಲೆ ಹೊಸಬರನ್ನು ಕೂರಿಸಿದ್ದರಿಂದ ಆಯಿತು.

ಇನ್ನು ಲ್ಯಾಬ್‌ನಲ್ಲಿ ಇದನ್ನು ತಯಾರಿಸುವ ರೀತಿ. ದಾನಿ ಬೆಳಗ್ಗೆ ಮುಚ್ಚಳ ಇರುವ ಶುದ್ಧ ಡಬ್ಬಿಯಲ್ಲಿ ಮಲ ತಂದುಕೊಡುತ್ತಾರೆ. ಬೇಗ ಕೆಲಸ ಶುರು ಮಾಡಬೇಕು, ಯಾಕೆಂದರೆ ಗಾಳಿಯಲ್ಲಿ ಇಟ್ಟಷ್ಟೂ ಬೇಕಾದ ಜಾತಿಗಳು ಸಾಯುತ್ತವೆ. ಸುಮಾರು 50 ಗ್ರಾಂ ತೂಗಿ, ಸಲೈನ್ ಸೇರಿಸಿ, ಮಿಕ್ಸರ್ ತರಹದ ಯಂತ್ರದಲ್ಲಿ ಕದಡುತ್ತಾರೆ. ಜೋಳದ ಸಿಪ್ಪೆ, ಸೊಪ್ಪಿನ ನಾರು, ಅರಗದ ಕಾಳು ಎಲ್ಲಾ ಸೋಸಿ ತೆಗೆಯುತ್ತಾರೆ. ಉಳಿಯುವುದು ಕಂದು ಬಣ್ಣದ ತೆಳ್ಳನೆಯ ದ್ರಾವಣ. ಅಂದೇ ಬಳಸಬಹುದು. ಇಲ್ಲವೇ ಗ್ಲಿಸರಿನ್ ಸೇರಿಸಿ ಮೈನಸ್ 80 ಡಿಗ್ರಿ ಫ್ರೀಜರ್‌ನಲ್ಲಿ ತಿಂಗಳುಗಟ್ಟಲೆ ಇಡಬಹುದು. ಗ್ಲಿಸರಿನ್ ಇದ್ದರೆ ಮಂಜಿನ ಹರಳು ಬ್ಯಾಕ್ಟೀರಿಯಾಗಳನ್ನು ಸೀಳುವುದಿಲ್ಲ. ರೋಗಿಗೆ ಕೊಡುವುದು ಕೊಲೊನೋಸ್ಕೋಪ್, ಮೂಗಿನ ನಳಿಗೆ, ಎನಿಮಾ ಅಥವಾ ಕ್ಯಾಪ್ಸೂಲ್ ಮೂಲಕ. 2017ರಲ್ಲಿ ಕೆನಡಾದವರು 116 ಜನರಲ್ಲಿ ಕ್ಯಾಪ್ಸೂಲ್‌ಗೂ ಕೊಲೊನೋಸ್ಕೋಪ್‌ಗೂ ಹೋಲಿಸಿ ನೋಡಿದಾಗ ಎರಡರಲ್ಲೂ ನೂರಕ್ಕೆ 96 ಜನ ಮರುಕಳಿಸದೆ ಉಳಿದರು. ಕ್ಯಾಪ್ಸೂಲ್‌ಗೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ.

ಈ ತಯಾರಿ ಇಷ್ಟು ಸರಳ ಅನ್ನಿಸಿದಾಗಲೇ ಅಪಾಯ. ಯೂಟ್ಯೂಬ್ ನೋಡಿ ಮನೆಯಲ್ಲೇ ಮಾಡಿಕೊಂಡವರು ಹೊರದೇಶಗಳಲ್ಲಿ ಇದ್ದಾರೆ. ದಯವಿಟ್ಟು ಯಾರೂ ಇದಕ್ಕೆ ಕೈ ಹಾಕಬೇಡಿ. ಕದಡಿ ಸೋಸುವುದು ಸಣ್ಣ ಕೆಲಸ, ಕಷ್ಟ ಇರುವುದು ದಾನಿಯನ್ನು ಆರಿಸುವುದರಲ್ಲಿ. ಮೂರು ತಿಂಗಳಲ್ಲಿ ಆಂಟಿಬಯೋಟಿಕ್ ತೆಗೆದುಕೊಂಡಿರಬಾರದು. ಹೊಟ್ಟೆಯ ರೋಗ, ಸಕ್ಕರೆ ಕಾಯಿಲೆ, ಅತಿಯಾದ ಬೊಜ್ಜು ಇರಬಾರದು. ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ನೋಡಬೇಕು. ಮಲದಲ್ಲಿ ಜಂತುಹುಳು, ಅಮೀಬಾ, ಸಾಲ್ಮೊನೆಲ್ಲಾ, ಶಿಗೆಲ್ಲಾ, ವೈರಸ್‌ಗಳು, ಮತ್ತು ಬಹು ಮುಖ್ಯವಾಗಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಹುಡುಕಬೇಕು. ಆರೋಗ್ಯವಾಗಿದ್ದೇವೆ ಅಂತ ಬಂದ ದಾನಿಗಳಲ್ಲಿ ಬಹುತೇಕರು ಈ ಜರಡಿಯಲ್ಲಿ ಉಳಿಯುವುದಿಲ್ಲ.

ಆ ಕೊನೆಯ ಪರೀಕ್ಷೆ ತಪ್ಪಿದರೆ ಏನಾಗುತ್ತದೆ ಅಂತ 2019ರಲ್ಲಿ ಗೊತ್ತಾಯಿತು. ಅಮೆರಿಕದಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿದ್ದ ಇಬ್ಬರಿಗೆ ಒಬ್ಬನೇ ದಾನಿಯ ಮಲದಿಂದ, ಇಎಸ್‌ಬಿಎಲ್ ಅನ್ನುವ ಗುಣ ಇರುವ, ಸಾಮಾನ್ಯ ಆಂಟಿಬಯೋಟಿಕ್‌ಗಳಿಗೆ ಜಗ್ಗದ ಇ. ಕೋಲಿ ರಕ್ತಕ್ಕೆ ಸೇರಿತು. ಒಬ್ಬರು ತೀರಿಕೊಂಡರು. ಆ ಮಲವನ್ನು ಇಎಸ್‌ಬಿಎಲ್‌ಗೆ ಪರೀಕ್ಷೆ ಮಾಡಿರಲಿಲ್ಲ. ಅಂದಿನಿಂದ ಆ ಪರೀಕ್ಷೆ ಅಲ್ಲಿ ಕಡ್ಡಾಯ. ಭಾರತದಲ್ಲಿ ಇದು ಇನ್ನೂ ದೊಡ್ಡ ತಲೆನೋವು. ಏನೂ ರೋಗ ಇಲ್ಲದ ಎಷ್ಟೋ ಜನರ ಕರುಳಲ್ಲಿ ಈ ಇಎಸ್‌ಬಿಎಲ್ ಬ್ಯಾಕ್ಟೀರಿಯಾಗಳು ಈಗಾಗಲೇ ಮನೆ ಮಾಡಿವೆ. ಬೇಕಾಬಿಟ್ಟಿ ನುಂಗಿದ ಆಂಟಿಬಯೋಟಿಕ್‌ನಿಂದ ಬಂದ ರೋಗಕ್ಕೆ ಮದ್ದು ಹುಡುಕಲು ಹೋದರೆ, ಅದೇ ಅಭ್ಯಾಸ ದಾನಿಗಳನ್ನೂ ಕಡಿಮೆ ಮಾಡಿದೆ. ನನಗೆ ಅತ್ಯಂತ ಬೇಸರ ತರುವ ಸಂಗತಿ ಇದು.

ಹೊರದೇಶಗಳಲ್ಲಿ ಈಗ ಇದು ಮಾನ್ಯ ಚಿಕಿತ್ಸೆ. ಯಾವ ರೋಗಕ್ಕೆ ಯಾವ ಚಿಕಿತ್ಸೆ ಕೊಡಬೇಕು ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ, ಪದೇ ಪದೇ ಮರುಕಳಿಸುವ ಸಿ ಡಿಫ್‌ಗೆ ಇದನ್ನು ಶಿಫಾರಸು ಮಾಡಿತು. ಅದೇ ವರ್ಷ ನವೆಂಬರ್‌ನಲ್ಲಿ ಅಮೆರಿಕದ ಮದ್ದು ನಿಯಂತ್ರಣ ಸಂಸ್ಥೆ ಎಫ್‌ಡಿಎ ರೆಬಯೋಟಾ ಅನ್ನುವ ತಯಾರಿಕೆಗೆ ಒಪ್ಪಿಗೆ ಕೊಟ್ಟಿತು. ಅದು ಒಂದೇ ಸಲ ಕೆಳಗಿನಿಂದ ಕೊಡುವ ದ್ರಾವಣ. 2023ರ ಏಪ್ರಿಲ್‌ನಲ್ಲಿ ವೌಸ್ಟ್ ಅನ್ನುವ ಕ್ಯಾಪ್ಸೂಲ್ ಬಂತು. ದಿನಕ್ಕೆ ನಾಲ್ಕರಂತೆ ಮೂರು ದಿನ. ಇದರಲ್ಲಿ ದಾನಿಯ ಮಲವನ್ನು ಆಲ್ಕೋಹಾಲ್‌ನಲ್ಲಿ ಹಾಯಿಸಿ, ಗಟ್ಟಿ ಕವಚದ ಒಳ್ಳೆಯ ಸ್ಪೋರ್‌ಗಳನ್ನು ಮಾತ್ರ ಉಳಿಸಿಕೊಂಡಿರುತ್ತಾರೆ. ಪ್ರಯೋಗದಲ್ಲಿ ಎಂಟು ವಾರದೊಳಗೆ ರೋಗ ಮರಳಿದ್ದು ಇದನ್ನು ನುಂಗಿದವರಲ್ಲಿ ನೂರಕ್ಕೆ 12 ಜನರಿಗೆ, ಖಾಲಿ ಕ್ಯಾಪ್ಸೂಲ್ ನುಂಗಿದವರಲ್ಲಿ ನೂರಕ್ಕೆ 40 ಜನರಿಗೆ. ಬೆಲೆ ಮಾತ್ರ ಸಾವಿರಾರು ಡಾಲರ್.

ಭಾರತದಲ್ಲಿ ಕೆಲವು ದೊಡ್ಡ ಸಂಸ್ಥೆಗಳು ಮಲ ಕಸಿಯನ್ನು ಮಾಡುತ್ತಿವೆ. ಲುಧಿಯಾನದ ದಯಾನಂದ ಮೆಡಿಕಲ್ ಕಾಲೇಜಿನವರು ಅಲ್ಸರೇಟಿವ್ ಕೊಲೈಟಿಸ್ ಅನ್ನುವ ಕರುಳಿನ ರೋಗದಲ್ಲಿ, ದೆಹಲಿಯ ಲಿವರ್ ಸಂಸ್ಥೆಯವರು ಕುಡಿತದಿಂದ ಲಿವರ್ ಕೆಟ್ಟವರಲ್ಲಿ ಇದನ್ನು ಪ್ರಯೋಗಿಸಿ ವರದಿ ಮಾಡಿದ್ದಾರೆ. ಅಲ್ಲೆಲ್ಲಾ ಇದು ಇನ್ನೂ ಸಂಶೋಧನೆಯ ಹಂತ. ಗಟ್ಟಿ ಪುರಾವೆ ಇರುವುದು ಮರುಕಳಿಸುವ ಸಿ ಡಿಫ್‌ಗೆ ಮಾತ್ರ. ಬೊಜ್ಜು ಕರಗುತ್ತದೆ, ಆಟಿಸಂ ಗುಣವಾಗುತ್ತದೆ, ಮನಸ್ಸಿನ ಕಾಯಿಲೆ ಹೋಗುತ್ತದೆ ಅಂತ ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ನಮ್ಮ ಊರಿನ ಮಟ್ಟದಲ್ಲಿ ಮೊದಲ ಕೊರತೆ ಇರುವುದು ಪರೀಕ್ಷೆಯಲ್ಲಿ. ಗದಗ, ಹಾವೇರಿ, ಕಾರವಾರದ ಕಡೆಯಿಂದ ರೋಗಿಗಳು ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಅನ್ನುವ ಸರ್ಕಾರಿ ಆಸ್ಪತ್ರೆಗೋ ಬೇರೆ ದವಾಖಾನೆಗೋ ಬಂದು ಹೋಗುತ್ತಾರೆ. ಊರಿಗೆ ಹೋದ ಮೇಲೆ ಶುರುವಾದ ಭೇದಿಗೂ ಇಲ್ಲಿ ತೆಗೆದುಕೊಂಡ ಇಂಜೆಕ್ಷನ್‌ಗೂ ಯಾರೂ ಗಂಟು ಹಾಕುವುದಿಲ್ಲ. ಆಂಟಿಬಯೋಟಿಕ್ ಮುಗಿದು ಮೂರು ತಿಂಗಳೊಳಗೆ, ದಿನಕ್ಕೆ ಮೂರು ಅಥವಾ ಜಾಸ್ತಿ ಸಲ ತೆಳ್ಳಗೆ ಹೋಗುತ್ತಿದ್ದರೆ ವೈದ್ಯರಿಗೆ ಹೇಳಿ, ಸಿ ಡಿಫ್ ಪರೀಕ್ಷೆ ಬೇಕಾ ಅಂತ ಕೇಳಿ. ಮಾದರಿ ಕೊಡುವಾಗ ಭೇದಿಯಾದ ಮಲವನ್ನೇ ಕೊಡಬೇಕು. ಡಬ್ಬಿಯನ್ನು ಓರೆ ಮಾಡಿದರೆ ಮಲವೂ ಓರೆಯಾಗಿ ಹರಿಯಬೇಕು. ಗಟ್ಟಿ ಮಲ ಬಂದರೆ ನಾವು ವಾಪಸ್ ಕಳಿಸುತ್ತೇವೆ, ಯಾಕೆಂದರೆ ಭೇದಿ ಇಲ್ಲದವರಲ್ಲಿ ಸಿ ಡಿಫ್ ಸಿಕ್ಕರೂ ಅದಕ್ಕೆ ಅರ್ಥ ಇಲ್ಲ. ಇನ್ನೊಂದು ವಿಷಯ, ನಾವು ಹುಡುಕುವ ವಿಷ ಬಿಸಿಗೆ ಬೇಗ ಒಡೆಯುತ್ತದೆ. ಕೋಣೆಯ ಬಿಸಿಯಲ್ಲಿ ಎರಡು ತಾಸು ಇದ್ದರೂ ಕಾಣದೆ ಹೋಗಬಹುದು. ಮೇ ತಿಂಗಳ ಬಿಸಿಲಲ್ಲಿ ಮುಂಡರಗಿಯಿಂದ ಬಸ್ಸಿನಲ್ಲಿ ಡಬ್ಬಿ ತಂದರೆ, ರೋಗ ಇದ್ದರೂ ರಿಪೋರ್ಟ್‌ನಲ್ಲಿ ಇಲ್ಲ ಅಂತ ಬರಬಹುದು. ಒಂದೋ ಇಲ್ಲೇ ಬಂದು ಕೊಡಿ, ಇಲ್ಲವೇ ಐಸ್ ಇಟ್ಟು ತನ್ನಿ. ಗುಣವಾದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸುವ ಅಗತ್ಯ ಇಲ್ಲ. ಭೇದಿ ನಿಂತ ಮೇಲೂ ವಾರಗಟ್ಟಲೆ ಪಾಸಿಟಿವ್ ಬರುತ್ತಿರುತ್ತದೆ, ಅದನ್ನು ನೋಡಿ ಹೆದರಿ ಮತ್ತೆ ಮದ್ದು ನುಂಗುವುದು ಬೇಡ.

ಮನೆಯಲ್ಲಿ ರೋಗಿ ಇದ್ದರೆ ಕೈಗೆ ಸಾಬೂನು, ಹರಿಯುವ ನೀರು. ಸ್ಯಾನಿಟೈಸರ್ ಇಲ್ಲಿ ಕೆಲಸಕ್ಕೆ ಬಾರದು. ಸಾಬೂನೂ ಸ್ಪೋರ್ ಅನ್ನು ಕೊಲ್ಲುವುದಿಲ್ಲ, ಆದರೆ ಉಜ್ಜಿ ತೊಳೆದರೆ ಅದು ನೀರಿನ ಜೊತೆ ಹೋಗಿಬಿಡುತ್ತದೆ. ಸಂಡಾಸು, ಮಗ್, ನಲ್ಲಿ, ಬಾಗಿಲ ಚಿಲಕಕ್ಕೆ ಬ್ಲೀಚಿಂಗ್ ದ್ರಾವಣ ಹಾಕಿ ಒರೆಸಿ. ಫಿನೈಲ್ ಸಾಲದು. ಸಾಧ್ಯ ಇದ್ದರೆ ರೋಗಿಗೆ ಬೇರೆ ಸಂಡಾಸು ಇರಲಿ. ನೀರು ಮತ್ತು ಓಆರ್‌ಎಸ್ ನಿಲ್ಲಿಸಬೇಡಿ. ಹೊಟ್ಟೆ ಉಬ್ಬಿ ಗಟ್ಟಿಯಾದರೆ, ಜ್ವರ ಏರಿದರೆ, ರಕ್ತ ಕಂಡರೆ, ಅಥವಾ ಜೋರಾಗಿದ್ದ ಭೇದಿ ಒಮ್ಮೆಲೇ ನಿಂತು ಹೊಟ್ಟೆ ಊದಿಕೊಂಡರೆ ರಾತ್ರಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.

ಇನ್ನು ಆ ಕತ್ತರಿಸಿದ ಅರ್ಧ ಸ್ಟ್ರಿಪ್. ಸೆಫಿಕ್ಸಿಮ್‌ನಂತಹ ಆಂಟಿಬಯೋಟಿಕ್‌ಗಳೂ ಸೇರಿ 46 ಮದ್ದುಗಳನ್ನು ಎಚ್1 ಅನ್ನುವ ಪಟ್ಟಿಗೆ ಹಾಕಿ, ಚೀಟಿ ಇಲ್ಲದೆ ಮಾರಬಾರದು, ಯಾರಿಗೆ ಕೊಟ್ಟಿರಿ ಅಂತ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು ಅನ್ನುವ ನಿಯಮ 2014ರ ಮಾರ್ಚ್‌ನಿಂದಲೇ ಇದೆ. ನಿಯಮ ಇದೆ, ಕತ್ತರಿಯೂ ನಡೆದೇ ಇದೆ. ಅಂಗಡಿಯವರನ್ನಷ್ಟೇ ದೂರಿದರೆ ಸಾಲದು, ಕೇಳುವವರು ನಾವೇ. ವೈರಸ್‌ನಿಂದ ಬರುವ ನೆಗಡಿಗೆ, ಸಾಮಾನ್ಯ ಭೇದಿಗೆ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ, ಕರುಳನ್ನು ಮಾತ್ರ ಖಾಲಿ ಮಾಡುತ್ತದೆ. ವೈದ್ಯರು ಬರೆದುಕೊಟ್ಟದ್ದನ್ನು ಮಾತ್ರ, ಬರೆದಷ್ಟು ದಿನ ತೆಗೆದುಕೊಳ್ಳಿ.

ಸಿ ಡಿಫ್ ಎರಡನೇ ಸಲ, ಮೂರನೇ ಸಲ ಮರಳಿದರೆ ಗ್ಯಾಸ್ಟ್ರೋಎಂಟರಾಲಜಿಸ್ಟ್, ಅಂದರೆ ಹೊಟ್ಟೆ ಕರುಳಿನ ತಜ್ಞರ ಬಳಿ ಹೋಗಿ, ಮಲ ಕಸಿಯ ಬಗ್ಗೆ ನಾಚಿಕೆ ಪಡದೆ ನೀವೇ ಕೇಳಿ. ಹೋಗುವಾಗ ಹಿಂದಿನ ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡ್, ಮೂರು ತಿಂಗಳ ಮದ್ದಿನ ಚೀಟಿಗಳು, ಖಾಲಿಯಾದ ಸ್ಟ್ರಿಪ್‌ಗಳು, ಮಲದ ರಿಪೋರ್ಟ್‌ಗಳು, ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಯಾವ ಆಂಟಿಬಯೋಟಿಕ್ ಯಾವಾಗ ತೆಗೆದುಕೊಂಡಿರಿ ಅನ್ನುವುದೇ ವೈದ್ಯರು ಕೇಳುವ ಮೊದಲ ಪ್ರಶ್ನೆ.